ಇಬೇ ಶುಲ್ಕ ಏರ್ತಾನೇ ಇದೆ, ಮಾರೋದು ಬಿಟ್ಟುಬಿಡ್ಲಾ?

ಪ್ರಶ್ನೆ: ಸರ್, ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನಮ್ಮ ಯಜಮಾನರು ರಿಟೈರ್ ಆದಮೇಲೆ ಶನಿವಾರ ಶನಿವಾರ ಜನ ಮನೆ ಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲ್ ಸುತ್ತಿ ಹಳೇ ಫಿಲ್ಮ್ ಕ್ಯಾಮೆರಾ, ಲೆನ್ಸು ಹೊತ್ತು ತರುತ್ತಾರೆ. ಒರೆಸಿ, ಫೋಟೋ ತೆಗೆದು ಇಬೇ ಮಾರಾಟ ತಾಣಕ್ಕೆ ಹಾಕುವುದು, ಲೆಕ್ಕ ಬರೆಯುವುದು ನನ್ನ ಕೆಲಸ. ಶುಲ್ಕ ಶೇ 13.6 ಅಂತಾರೆ. ಆದರೆ ಮೊನ್ನೆ 40 ಡಾಲರಿಗೆ ಹೋದ ಒಂದು ಕ್ಯಾಮೆರಾದಲ್ಲಿ ಹೆಚ್ಚುಕಮ್ಮಿ 12 ಡಾಲರ್ ಕಡಿತ ಆಗಿದೆ. ನಾನೇ ಲೆಕ್ಕ ತಪ್ಪಿದ್ದೀನಾ? ಬೆಲೆ ಏರಿಸಬೇಕಾ, ಬೇರೆ ಕಡೆ ಹೋಗಬೇಕಾ, ಇಲ್ಲಾ ನಿಲ್ಲಿಸಿಯೇಬಿಡಬೇಕಾ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ ಮೇಡಂ. ಶೇ 13.6 ಅನ್ನುವುದೂ ಸುಳ್ಳಲ್ಲ. ಯಾವುದರ ಮೇಲೆ 13.6 ಅನ್ನುವುದನ್ನು ನೋಡಬೇಕು, ಅಷ್ಟೇ.

ನಿಮ್ಮ 40 ಡಾಲರಿನ ಕ್ಯಾಮೆರಾನೇ ತೆಗೆದುಕೊಳ್ಳೋಣ. ಕಳಿಸುವ ಖರ್ಚು 9 ಡಾಲರ್ ಕೊಂಡವರೇ ಕೊಟ್ಟರು ಅಂತಿಟ್ಟುಕೊಳ್ಳಿ. ಅಲ್ಲಿಗೆ 49 ಆಯಿತು. ಅವರ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಶೇ 8, ಅದೂ ಕಳಿಸುವ ಖರ್ಚಿನ ಮೇಲೂ ಟ್ಯಾಕ್ಸ್ ಹಾಕುವ ರಾಜ್ಯ ಅಂದರೆ ಇನ್ನೊಂದು 3.92. ಒಟ್ಟು 52.92. ಇಬೇ ಶೇ 13.6 ಎತ್ತಿಕೊಳ್ಳುವುದು ಈ ಒಟ್ಟು ಮೊತ್ತದ ಮೇಲೆ, ನಿಮ್ಮ 40ರ ಮೇಲಲ್ಲ. ಅದು 7.20. ಜೊತೆಗೆ ಒಂದೊಂದು ಆರ್ಡರಿಗೂ 40 ಸೆಂಟ್. 10 ಡಾಲರ್ ಅಥವಾ ಅದಕ್ಕಿಂತ ಕಡಿಮೆಯ ಆರ್ಡರಾದರೆ 30 ಸೆಂಟ್. ಒಟ್ಟು 7.60. ಅಂದರೆ ಕ್ಯಾಮೆರಾ ಬೆಲೆಯ ಶೇ 19 ಆಗಲೇ ಹೋಯಿತು. ಆ ಟ್ಯಾಕ್ಸ್ ದುಡ್ಡು ನಿಮ್ಮ ಕೈಗೆ ಬರುವುದೇ ಇಲ್ಲ, ಇಬೇಯೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಆದರೂ ಅದರ ಮೇಲಿನ ಶುಲ್ಕ ಮಾತ್ರ ನಿಮ್ಮದು! 2018ರ ಜೂನ್‌ನಲ್ಲಿ ಸೌತ್ ಡಕೋಟ ವರ್ಸಸ್ ವೇಫೇರ್ ಕೇಸಿನಲ್ಲಿ, ಹೊರರಾಜ್ಯದ ಆನ್‌ಲೈನ್ ಅಂಗಡಿಗಳಿಂದಲೂ ಟ್ಯಾಕ್ಸ್ ಕೇಳಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಆಮೇಲೆ ಸೇಲ್ಸ್ ಟ್ಯಾಕ್ಸ್ ಇರುವ ರಾಜ್ಯಗಳೆಲ್ಲ ಒಂದೊಂದಾಗಿ ಇಂಥ ತಾಣಗಳೇ ಟ್ಯಾಕ್ಸ್ ವಸೂಲಿ ಮಾಡಬೇಕು ಅಂತ ಕಾನೂನು ಮಾಡಿದವು. ಅಲ್ಲಿಂದ ಶುರುವಾದ ಕಥೆ ಇದು. ಕಾರ್ಡಿನಲ್ಲಿ ಹಣ ಪಡೆಯುವ ಖರ್ಚು ಪೂರ್ತಿ ಮೊತ್ತದ ಮೇಲೇ ಬೀಳುತ್ತದೆ, ನಿಜ. ಅದು ಎರಡು ಮೂರು ಪರ್ಸೆಂಟಿನ ಮಾತು. ಅದಕ್ಕೆ 13.6 ಯಾಕೆ ಅಂತ ನನ್ನನ್ನು ಕೇಳಬೇಡಿ.

ಇಷ್ಟಾದರೂ 7.60 ತಾನೇ? ನೀವು ಹೇಳುವುದು 12ರ ಹತ್ತಿರ. ಉಳಿದ ನಾಲ್ಕು ಡಾಲರ್ ಜಾಹೀರಾತಿಗೆ ಹೋಗಿರಬೇಕು ಅಂತ ನನ್ನ ಊಹೆ. ನಿಮ್ಮ ಲಿಸ್ಟಿಂಗ್‌ಗಳಲ್ಲಿ, ಅಂದರೆ ಮಾಲು ಹಾಕಿದ ಪುಟಗಳಲ್ಲಿ, 'ಪ್ರಮೋಟೆಡ್' (ದುಡ್ಡು ಕೊಟ್ಟು ಮುಂದೆ ತೋರಿಸುವುದು) ಅಂತ ಇದೆಯಾ ನೋಡಿ. ಶೇ 8ರ ದರ ಇಟ್ಟಿದ್ದರೆ ಅದೂ ಈ 52.92ರ ಮೇಲೇ ಬೀಳುತ್ತದೆ. 4.23. ಎರಡೂ ಸೇರಿ 11.83. ಸಿಕ್ಕಿತಲ್ಲ ನಿಮ್ಮ ಲೆಕ್ಕ? 40 ಡಾಲರಿನ ಮಾಲಿಗೆ ಸುಮಾರು ಶೇ 30 ಕಡಿತ.

ಈ ಜಾಹೀರಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮಂಥ ಸಣ್ಣ ಮಾರಾಟಗಾರರ ದುಡ್ಡು ಸದ್ದಿಲ್ಲದೆ ಸೋರುವುದು ಇಲ್ಲಿಯೇ. ಶುಲ್ಕ 13.25ರಿಂದ 13.6 ಆಯಿತು ಅಂದರೆ ಎಲ್ಲರೂ ಕೂಗಾಡುತ್ತಾರೆ. 40 ಡಾಲರಿನ ಮಾಲಿಗೆ ಅದರಿಂದ ಆಗುವ ವ್ಯತ್ಯಾಸ 20 ಸೆಂಟೂ ಇಲ್ಲ. ಆದರೆ ಲಿಸ್ಟಿಂಗ್ ಹಾಕುವಾಗ ಕೊನೆಯಲ್ಲಿ 'ಸೂಚಿತ ದರ' ಅಂತ ಒಂದು ಸಂಖ್ಯೆ ತೋರಿಸುತ್ತದಲ್ಲ, ಅದಕ್ಕೆ ಹೂಂ ಅಂದರೆ ನಾಲ್ಕು ಡಾಲರ್ ಹೋಗುತ್ತದೆ. ಅದನ್ನು ಯಾರೂ ಶುಲ್ಕ ಅಂತ ಎಣಿಸುವುದಿಲ್ಲ. ನಾವೇ ಒಪ್ಪಿಕೊಂಡಿದ್ದು ನೋಡಿ, ಬೈಯಲಿಕ್ಕೂ ಬಾಯಿ ಬರುವುದಿಲ್ಲ. ನಾನೂ ಒಮ್ಮೆ ಹೀಗೆ ಸಿಕ್ಕಿಕೊಂಡಿದ್ದೇನೆ. ಒಂದು ಮಾರಾಟ ತಾಣದಲ್ಲಿ (ಯಾವುದು ಅಂತ ಬೇಡ ಬಿಡಿ) ಮೂವತ್ತು ನಲವತ್ತು ಹಳೇ ಪುಸ್ತಕ ಒಟ್ಟಿಗೆ ಹಾಕುವಾಗ ಎಲ್ಲದಕ್ಕೂ ಒಂದೇ ಏಟಿಗೆ ಜಾಹೀರಾತು ಆನ್ ಮಾಡಿ ಮರೆತುಬಿಟ್ಟೆ. ಎರಡು ತಿಂಗಳು ವ್ಯಾಪಾರ ಜೋರು ಅಂತ ಖುಷಿಯಲ್ಲಿದ್ದೆ. ಕೊನೆಗೆ ಕೂತು ಲೆಕ್ಕ ಹಾಕಿದರೆ ಅಂಚೆ ಕಚೇರಿಗೆ ಓಡಾಡಿದ್ದಷ್ಟೇ ಲಾಭ.

ಜಾಹೀರಾತು ದಂಡ ಅಂತ ನಾನು ಹೇಳುತ್ತಿಲ್ಲ. ಒಂದೇ ಥರದ ಇನ್ನೂರು ಕ್ಯಾಮೆರಾ ಸಾಲಾಗಿ ನಿಂತಿವೆ ಅಂದರೆ, ಉದಾಹರಣೆಗೆ ಕೆನಾನ್ ಎಇ-1 ಅಂಥದ್ದು, ನಿಮ್ಮದು ಮುಂದೆ ಕಾಣಲಿಕ್ಕೆ ಎರಡು ಮೂರು ಪರ್ಸೆಂಟ್ ಕೊಡಬಹುದು. ಕನಿಷ್ಠ ದರ ಶೇ 2. ಸಾಮಾನ್ಯ ದರ್ಜೆಯ ಜಾಹೀರಾತಿನಲ್ಲಿ ಮಾಲು ಮಾರಾಟವಾದರೆ ಮಾತ್ರ ದುಡ್ಡು, ಅದೊಂದು ಸಮಾಧಾನ. ಆದರೆ ಅಪರೂಪದ ಲೆನ್ಸಿಗೆ ಜಾಹೀರಾತು ಸುಮ್ನೆ. ಅದನ್ನು ಹುಡುಕುವವರು ಹೆಸರು, ಮಾದರಿ ಸಂಖ್ಯೆ ಟೈಪ್ ಮಾಡಿಕೊಂಡೇ ಬರುತ್ತಾರೆ. ಇರುವುದೇ ಮೂರು ನಾಲ್ಕು ಅಂದಮೇಲೆ ನಿಮ್ಮದು ಕಾಣದೆ ಎಲ್ಲಿ ಹೋಗುತ್ತದೆ?

ಈಗ ಶುಲ್ಕ ಯಾಕೆ ಹೀಗೆ ಏರುತ್ತಾ ಬಂತು ಅನ್ನುವುದಕ್ಕೆ ಬರೋಣ. ನೀವು ಕೇಳಿಲ್ಲ, ಆದರೆ ಗೊತ್ತಿದ್ದರೆ ಮುಂದೇನು ಅಂತ ಅಂದಾಜು ಸಿಗುತ್ತದೆ.

1995ರಲ್ಲಿ ಪಿಯರ್ ಒಮಿಡ್ಯಾರ್ ಇದನ್ನು ಶುರು ಮಾಡಿದಾಗ ಎಲ್ಲ ಪುಕ್ಕಟೆ. ಆಗ ಹೆಸರು ಆಕ್ಷನ್‌ವೆಬ್. ಜನ ಜಾಸ್ತಿಯಾದರು, ಇಂಟರ್ನೆಟ್ ಕೊಡುವವರು ತಿಂಗಳಿಗೆ 30 ಡಾಲರ್ ಇದ್ದ ಬಾಡಿಗೆಯನ್ನು 250ಕ್ಕೆ ಏರಿಸಿದರು. ಆ ಖರ್ಚು ಗಿಟ್ಟಲಿ ಅಂತ 1996ರಲ್ಲಿ ಮಾರಾಟಗಾರರಿಂದ ಕಮಿಷನ್ ಕೇಳಿದ್ದು. ಜನ ತಕರಾರಿಲ್ಲದೆ ಚೆಕ್ ಕಳಿಸಿದರು, ಕೆಲವರು ಚಿಲ್ಲರೆ ಕಾಸನ್ನೇ ರಟ್ಟಿಗೆ ಅಂಟಿಸಿ ಕಳಿಸಿದರಂತೆ. ಲಕೋಟೆ ಒಡೆಯಲಿಕ್ಕೇ ಒಬ್ಬರನ್ನು ಕೆಲಸಕ್ಕಿಟ್ಟುಕೊಳ್ಳಬೇಕಾಯಿತು. ಕೊಡುವವರು ಕೊಡುತ್ತಾರೆ ಅಂತ ಅವತ್ತೇ ಗೊತ್ತಾಗಿತ್ತು.

ಆ ಕಾಲದ ದರಗಳಲ್ಲಿ ಒಂದು ಒಳ್ಳೆಯ ಗುಣವಿತ್ತು. ಬೆಲೆ ಜಾಸ್ತಿಯಾದಂತೆ ಪರ್ಸೆಂಟ್ ಇಳಿಯುತ್ತಿತ್ತು. 2004ರ ಪಟ್ಟಿಯಲ್ಲಿ ಮೊದಲ 25 ಡಾಲರಿಗೆ ಶೇ 5.25, ಅಲ್ಲಿಂದ 1,000 ಡಾಲರಿನ ತನಕ ಶೇ 2.75. ಹಾಗಾಗಿ 200 ಡಾಲರಿನ ಲೆನ್ಸು ಮಾರಿದರೆ ಕಮಿಷನ್ 6 ಡಾಲರ್ ಚಿಲ್ಲರೆ. ಹಣ ದಾಟಿಸುವ ಕಂಪನಿ ಪೇಪಾಲ್ ತನ್ನ ಪಾಲಿಗೆ ಶೇ 2.9 ಮತ್ತು 30 ಸೆಂಟ್ ಹಿಡಿಯುತ್ತಿತ್ತು, ಅದೂ 6 ಚಿಲ್ಲರೆ. ಒಟ್ಟು 12 ಡಾಲರ್ ಮೇಲೆ ಸ್ವಲ್ಪ, ಲಿಸ್ಟಿಂಗ್ ಹಾಕುವ ದುಡ್ಡು ಬೇರೆ. ಈಗ ಅದೇ 200 ಡಾಲರಿಗೆ, ಟ್ಯಾಕ್ಸು, ಕಳಿಸುವ ಖರ್ಚು ಬಿಟ್ಟು ನೋಡಿದರೂ 27.60. ಇಳಿಮೆಟ್ಟಿಲು ಹೋಗಿಯೇಬಿಟ್ಟಿದೆ. ಈಗ 7,500 ಡಾಲರ್ ದಾಟಿದ ಮೇಲಷ್ಟೇ ದರ ಇಳಿಯುವುದು, ನಮಗೆ ನಿಮಗೆ ಅದು ತಲುಪುವ ಎತ್ತರವಲ್ಲ. "ಮೊದಲು ಪೇಪಾಲ್ ಬೇರೆ ಹಿಡಿಯುತ್ತಿತ್ತು, ಈಗ ಅದೂ ಒಳಗೇ ಸೇರಿದೆ" ಅಂತ ಸಮಜಾಯಿಷಿ ಕೊಡುವವರಿದ್ದಾರೆ. 2021ರ ಹೊತ್ತಿಗೆ ಹಣದ ವ್ಯವಹಾರ ಪೂರ್ತಿ ಇಬೇ ಕೈಗೇ ಬಂತು, ಆ ಮಾತು ಅರ್ಧ ಸರಿ. ಆದರೆ ಮೇಲಿನ ಲೆಕ್ಕದಲ್ಲಿ ಪೇಪಾಲ್ ಸೇರಿಸಿಯೇ ಹೋಲಿಸಿದ್ದೇನೆ, ಆದರೂ ದುಪ್ಪಟ್ಟು ದಾಟಿದೆ.

ದೊಡ್ಡ ತಿರುವು 2008ರದು. ಲಿಸ್ಟಿಂಗ್ ದುಡ್ಡು ಇಳಿಸಿ, ಮೊದಲ 25 ಡಾಲರಿನ ಕಮಿಷನ್ ಶೇ 8.75ಕ್ಕೆ ಏರಿಸಿದರು. ಮಾರಾಟಗಾರರು ಕೊಂಡವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವ ಹಾಗಿಲ್ಲ ಅಂತಲೂ ಅದರ ಜೊತೆಗೇ ಹೇಳಿದರು. ಫೆಬ್ರುವರಿಯಲ್ಲಿ ಒಂದು ವಾರ ಮಾರಾಟಗಾರರು ಬಹಿಷ್ಕಾರ ಹಾಕಿದರು. ದರ ಇಳಿಯಲಿಲ್ಲ. 2011ರಲ್ಲಿ ಕಳಿಸುವ ಖರ್ಚಿನ ಮೇಲೂ ಕಮಿಷನ್ ಬಂತು. ಇದರಲ್ಲಿ ತಪ್ಪು ಒಂದೇ ಕಡೆಯದಲ್ಲ. ಒಂದು ಸೆಂಟಿಗೆ ಮಾಲು, ಕಳಿಸಲಿಕ್ಕೆ 30 ಡಾಲರ್ ಅಂತ ಹಾಕಿ ಕಮಿಷನ್ ತಪ್ಪಿಸುತ್ತಿದ್ದ ಬುದ್ಧಿವಂತರು ಬೇಕಾದಷ್ಟಿದ್ದರು. ಅವರ ಪಾಪ ಈಗ ಎಲ್ಲರ ತಲೆಗೆ. ಈಚೆಗೆ 2021ರಲ್ಲಿ 12.55, 2023ರಲ್ಲಿ 13.25, 2025ರ ಫೆಬ್ರುವರಿಯಿಂದ 13.6. ಪುಸ್ತಕ, ಸಿಡಿ ಮಾರುವವರಿಗೆ ಇನ್ನೂ ಜಾಸ್ತಿ, ಶೇ 15.3.

ಕಾರಣ ಕಂಪನಿಯ ವಾರ್ಷಿಕ ಲೆಕ್ಕದಲ್ಲೇ ಇದೆ. 2021ರಲ್ಲಿ ಅಲ್ಲಿ ನಡೆದ ಒಟ್ಟು ಮಾರಾಟ ಸುಮಾರು 8,700 ಕೋಟಿ ಡಾಲರ್, ಇಬೇಗೆ ಬಂದ ಆದಾಯ ಸುಮಾರು 1,040 ಕೋಟಿ. 2024ರಲ್ಲಿ ಮಾರಾಟ 7,500 ಕೋಟಿಯ ಹತ್ತಿರಕ್ಕೆ ಇಳಿಯಿತು. ಆದಾಯ? ಸುಮಾರು 1,030 ಕೋಟಿ. ಅಂದರೆ ವ್ಯಾಪಾರ ಏಳನೇ ಒಂದು ಭಾಗ ಕುಗ್ಗಿದರೂ ಆದಾಯ ಇದ್ದಲ್ಲೇ ಇತ್ತು. 100 ಡಾಲರಿನ ಮಾರಾಟಕ್ಕೆ ಮೊದಲು 12 ಸಿಗುತ್ತಿತ್ತು, 2024ರಲ್ಲಿ ಹತ್ತಿರ ಹತ್ತಿರ 14. ಜಾಹೀರಾತಿನಿಂದಲೇ ಆ ವರ್ಷ 160 ಕೋಟಿ ಡಾಲರಿನ ಆಸುಪಾಸು ಬಂತು. ಸಂತೆಗೆ ಬರುವ ಜನ ಕಡಿಮೆಯಾದಾಗ ಸುಂಕದವನು ಏನು ಮಾಡುತ್ತಾನೆ? ಬಂದವರಿಂದಲೇ ಜಾಸ್ತಿ ಎತ್ತುತ್ತಾನೆ. ಹಾಗಾಗಿ ಇನ್ನೊಂದೆರಡು ವರ್ಷದಲ್ಲಿ 13.6 ಇನ್ನಷ್ಟು ಏರಿದರೂ ನನಗೆ ಆಶ್ಚರ್ಯವಿಲ್ಲ. ಅದಕ್ಕಿಂತ ಜಾಹೀರಾತಿನ ನಿಯಮಗಳ ಮೇಲೆ ಒಂದು ಕಣ್ಣಿಡಿ.

ಇನ್ನು ನಿಮ್ಮ ಮೂರು ಪ್ರಶ್ನೆ.

ಬೆಲೆ ಏರಿಸಬೇಕಾ? ಹರಾಜಿಗೆ ಹಾಕಿದ್ದರೆ ಆ ಪ್ರಶ್ನೆಯೇ ಇಲ್ಲ, ಅಲ್ವಾ? ಕೂಗುವವರು ಕೂಗಿದ್ದೇ ಬೆಲೆ. ನಿಮಗೆ ಶುಲ್ಕ ಎಷ್ಟು ಅಂತ ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನಿಗದಿತ ಬೆಲೆಗೆ ಹಾಕಿದ್ದರೆ ಏರಿಸಬಹುದು, ಆದರೆ ಅದೇ ಕ್ಯಾಮೆರಾ ಇನ್ನೊಬ್ಬರು ಎರಡು ಡಾಲರ್ ಕಡಿಮೆಗೆ ಇಟ್ಟಿದ್ದರೆ ನಿಮ್ಮದು ಧೂಳು ಹಿಡಿಯುತ್ತದೆ. ಅಪರೂಪದ್ದಾದರೆ ಏರಿಸಿ, ಸಾಮಾನ್ಯದ್ದಾದರೆ ಬೇಡ. ಬೆಲೆ ಎಷ್ಟು ಅಂತ ನಿಮಗೇ ಗೊತ್ತಿಲ್ಲದ ವಿಚಿತ್ರ ಮಾಲು ಸಿಕ್ಕಿದರೆ ಮಾತ್ರ ಹರಾಜು. ಉಳಿದದ್ದೆಲ್ಲ ನಿಗದಿತ ಬೆಲೆಗೇ ಇರಲಿ. ಮಾರಾಟವಾದ ಮಾಲುಗಳ ಹಳೇ ಬೆಲೆ ನೋಡಿಕೊಂಡು ಹಾಕಿ. ಮಾರಾಟವಾಗದೆ ಕೂತವರು ಕೇಳುತ್ತಿರುವ ಬೆಲೆ ನೋಡಿ ಮೋಸಹೋಗಬೇಡಿ.

ಬೇರೆ ಕಡೆ ಹೋಗಬೇಕಾ? ಇಲ್ಲಿ ಒಂದು ತಮಾಷೆ ಕೇಳಿ. 2024ರ ಮಾರ್ಚ್‌ನಲ್ಲಿ ಮೆರ್ಕಾರಿ ಅನ್ನುವ ಮಾರಾಟ ತಾಣ ಅಮೆರಿಕದಲ್ಲಿ "ಮಾರುವವರಿಗೆ ಶುಲ್ಕವೇ ಇಲ್ಲ, ಕೊಳ್ಳುವವರು ಕೊಡಲಿ" ಅಂತ ಸಾರಿತು. ಒಂದು ವರ್ಷವೂ ನಿಲ್ಲಲಿಲ್ಲ, 2025ರ ಜನವರಿಯಲ್ಲಿ ಮಾರುವವರ ಮೇಲೆ ಶೇ 10 ವಾಪಸ್ ಬಂತು. ಹಳೇ ಬಟ್ಟೆ ಮಾರುವ ತಾಣ ಪಾಶ್‌ಮಾರ್ಕ್ 2024ರ ಅಕ್ಟೋಬರ್‌ನಲ್ಲಿ ಶುಲ್ಕವನ್ನು ಕೊಳ್ಳುವವರ ಕಡೆ ತಳ್ಳಿ ನೋಡಿತು, ಕೆಲವೇ ವಾರದಲ್ಲಿ ಹಿಂದಕ್ಕೆ ಸರಿಯಿತು. ಅತ್ತ ದೊಡ್ಡವರ ಹರಾಜು ಮನೆ ಸೋದಬೀಸ್ ಅದೇ ವರ್ಷ ಇದರ ತದ್ವಿರುದ್ಧ ಪ್ರಯೋಗ ಮಾಡಿತು. ಕೊಳ್ಳುವವರು ಬೆಲೆಯ ಮೇಲೆ ಕೊಡುವ ಪ್ರೀಮಿಯಂ ಇಳಿಸಿ ಮಾರುವವರಿಗೆ ಒಂದೇ ಕಟ್ಟುನಿಟ್ಟಿನ ದರ. ಅದೂ ಬಾಳಲಿಲ್ಲ, ವರ್ಷದ ಕೊನೆಗೆ ಹಳೇ ದಾರಿಗೆ ಬರುತ್ತೇವೆ ಅಂದರು. ಬ್ರಿಟನ್‌ನಲ್ಲಿ ಮಾತ್ರ ಇಬೇಯೇ 2024ರ ಅಕ್ಟೋಬರ್‌ನಲ್ಲಿ ಮನೆಯಿಂದ ಮಾರುವವರ ಶುಲ್ಕ ತೆಗೆದುಹಾಕಿತು. ಯಾಕೆ ಗೊತ್ತಾ? ಅಲ್ಲಿ ವಿಂಟೆಡ್ ಅಂತ ಲಿಥುವೇನಿಯಾದ ಕಂಪನಿ ಮಾರುವವರಿಂದ ಒಂದು ಕಾಸೂ ತೆಗೆದುಕೊಳ್ಳದೆ ಜನರನ್ನು ಎಳೆಯುತ್ತಿತ್ತು. ಆಮೇಲೆ 2025ರ ಫೆಬ್ರುವರಿಯಿಂದ ಕೊಳ್ಳುವವರಿಗೆ 'ರಕ್ಷಣಾ ಶುಲ್ಕ' ಬಂತು ಅನ್ನುವುದು ಬೇರೆ ಮಾತು. ಗಟ್ಟಿ ಎದುರಾಳಿ ಇದ್ದ ಕಡೆ ದರ ಇಳಿಯುತ್ತದೆ, ಇಲ್ಲದ ಕಡೆ ಬಹಿಷ್ಕಾರಕ್ಕೂ ಜಗ್ಗುವುದಿಲ್ಲ. ಚೀನಾದಲ್ಲಿ ತಾವೋಬಾವೋ ಅನ್ನುವ ಮಾರಾಟ ತಾಣ ಪುಕ್ಕಟೆ ಅಂದಾಗ ಇಬೇ ಮೂರೇ ವರ್ಷದಲ್ಲಿ, 2006ರ ಕೊನೆಗೆ, ಗಂಟುಮೂಟೆ ಕಟ್ಟಿದ್ದೂ ಹೀಗೆಯೇ. ಅಮೆರಿಕದಲ್ಲಿ ಯಾಹೂ ಕೂಡ ಪುಕ್ಕಟೆ ಹರಾಜು ನಡೆಸುತ್ತಿತ್ತು. 2001ರಲ್ಲಿ ದುಡ್ಡು ಕೇಳಲು ಶುರು ಮಾಡಿದ ಕೂಡಲೇ ಅಂಗಡಿ ಖಾಲಿ.

ಹಳೇ ಕ್ಯಾಮೆರಾ ವಿಷಯದಲ್ಲಿ ಅಂಥ ಎದುರಾಳಿ ನಿಮ್ಮ ದೇಶದಲ್ಲಿ ಇನ್ನೂ ಇಲ್ಲ. ಜಪಾನಿನಿಂದ ಹಿಡಿದು ಜರ್ಮನಿಯವರೆಗೆ ಕೊಳ್ಳುವವರು ಸೇರುವುದು ಇಬೇಯಲ್ಲೇ. ಆದ್ದರಿಂದ ಪೂರ್ತಿ ಬಿಡಬೇಡಿ, ಮಾಲು ಹಂಚಿ. ಭಾರದ ಟ್ರೈಪಾಡ್, ಫೋಟೋ ಹಿಗ್ಗಿಸುವ ಎನ್‌ಲಾರ್ಜರ್ ಅಂಥದ್ದೆಲ್ಲ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಊರಿನವರಿಗೇ ಕೊಡಿ. ಕೈಗೆ ಕೈ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಪ್ಯಾಕ್ ಮಾಡುವ ಗೋಳೂ ಇಲ್ಲ. ದುಬಾರಿ ಲೆನ್ಸಿಗೆ ಎಂಪಿಬಿ, ಕೆಇಎಚ್ ಥರದ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ರೇಟು ಕೇಳಿನೋಡಿ. ಕಡಿಮೆ ಹೇಳುತ್ತಾರೆ, ಅವರೂ ಬದುಕಬೇಕಲ್ಲ. ಆದರೆ ಇಬೇಯಲ್ಲಿ ಶುಲ್ಕ, ಜಾಹೀರಾತು, ವಾಪಸ್ ಬರುವ ಅಪಾಯ ಎಲ್ಲ ಕಳೆದ ಮೇಲೆ ಉಳಿಯುವುದರ ಜೊತೆ ಅದನ್ನು ಹೋಲಿಸಿ. 5 ಡಾಲರಿನ ಫಿಲ್ಟರ್, ಲೆನ್ಸ್ ಮುಚ್ಚಳ ಒಂದೊಂದಾಗಿ ಹಾಕುವುದನ್ನು ಇವತ್ತೇ ನಿಲ್ಲಿಸಿ. 5 ಡಾಲರಿನ ಮಾಲಿಗೆ ಕಳಿಸಲು 1 ಡಾಲರ್ ಅಂದರೂ ಕಡಿತವೇ 1.12 ಆಗುತ್ತದೆ. ಮೂಗಿಗಿಂತ ಮೂಗುತಿ ಭಾರ. ಹತ್ತು ಹನ್ನೆರಡು ಸೇರಿಸಿ ಒಂದೇ ಲಾಟ್ ಮಾಡಿ.

ಒಂದು ಮಾತು. ಕೊಂಡವರಿಗೆ ಮೆಸೇಜ್ ಹಾಕಿ "ಹೊರಗೆ ಬನ್ನಿ, ಐದು ಡಾಲರ್ ಕಡಿಮೆ ಮಾಡುತ್ತೇನೆ" ಅನ್ನುವ ದಾರಿ ಮಾತ್ರ ಬೇಡ. ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಖಾತೆಯೇ ಹೋಗಬಹುದು. ಇಷ್ಟು ವರ್ಷದ ಒಳ್ಳೆ ಫೀಡ್‌ಬ್ಯಾಕೂ ಅದರ ಜೊತೆ ಹೋಗುತ್ತದೆ.

ಶುಲ್ಕವನ್ನೇ ಇಳಿಸಲಿಕ್ಕೆ ನೇರ ದಾರಿ ಎರಡಿವೆ. ಒಂದು, ಸ್ಟೋರ್ ಚಂದಾ, ಅಂದರೆ ಇಬೇಯಲ್ಲೇ ನಿಮ್ಮದೊಂದು ಅಂಗಡಿ ತೆರೆದು ತಿಂಗಳು ತಿಂಗಳು ಕಟ್ಟುವ ದುಡ್ಡು. ಬೇಸಿಕ್ ಸ್ಟೋರ್ ತಿಂಗಳಿಗೆ 27.95 ಡಾಲರ್, ವರ್ಷಕ್ಕೆ ಒಪ್ಪಿಕೊಂಡರೆ ತಿಂಗಳಿಗೆ 21.95. ಕ್ಯಾಮೆರಾ, ಲೆನ್ಸ್ ವಿಭಾಗದಲ್ಲಿ ಬೇಸಿಕ್ ಸ್ಟೋರಿನವರಿಗೆ ಕಮಿಷನ್ ಸುಮಾರು 4 ಪರ್ಸೆಂಟ್ ಕಡಿಮೆ. ಲೆಕ್ಕ ಸುಲಭ. ತಿಂಗಳಿಗೆ 700 ಡಾಲರಿನ ಮಾಲು ಹೋಗುತ್ತಿದ್ದರೆ ಚಂದಾ ಗಿಟ್ಟಿತು, ಅದಕ್ಕಿಂತ ಜಾಸ್ತಿ ಹೋದದ್ದೆಲ್ಲ ಉಳಿತಾಯ. ಅದಕ್ಕಿಂತ ಅಗ್ಗದ ಸ್ಟಾರ್ಟರ್ ಸ್ಟೋರಿಗೆ ಈ ರಿಯಾಯಿತಿ ಇಲ್ಲ, ಆ ಕಡೆ ತಲೆಹಾಕಬೇಡಿ. ಇನ್ನೊಂದು, ಟಾಪ್ ರೇಟೆಡ್ ಪ್ಲಸ್, ಒಳ್ಳೆ ಮಾರಾಟಗಾರರಿಗೆ ಇಬೇ ಕೊಡುವ ಮುದ್ರೆ. ವರ್ಷಕ್ಕೆ 100 ಮಾರಾಟ, 1,000 ಡಾಲರ್ ವ್ಯಾಪಾರ ದಾಟಿರಬೇಕು, ಒಂದು ದಿನದಲ್ಲಿ ಕಳಿಸಬೇಕು, 30 ದಿನ ಪುಕ್ಕಟೆ ವಾಪಸಾತಿ ಕೊಡಬೇಕು. ಆಗ ಕಮಿಷನ್‌ನಲ್ಲಿ ಹತ್ತನೇ ಒಂದು ಭಾಗ ಬಿಡುತ್ತಾರೆ. ಹಳೇ ಕ್ಯಾಮೆರಾಗೆ 30 ದಿನ ಪುಕ್ಕಟೆ ವಾಪಸಾತಿ ಅಂದರೆ ನನಗಂತೂ ಭಯ. ಒಂದು ರೋಲ್ ಸುತ್ತಿಸಿಕೊಂಡು ವಾಪಸ್ ಕಳಿಸುವವರಿರುತ್ತಾರೆ. ಯಜಮಾನರ ರಿಪೇರಿ ಮೇಲೆ ನಿಮಗೆಷ್ಟು ನಂಬಿಕೆ ಅನ್ನುವುದರ ಮೇಲೆ ನೀವೇ ತೀರ್ಮಾನಿಸಿ.

ಟ್ಯಾಕ್ಸ್ ಕಾಗದದ ಬಗ್ಗೆ ಒಂದೇ ಸಾಲು. ನಿಮ್ಮ ವರ್ಷದ ಮಾರಾಟ ಎಷ್ಟು ಅಂತ ಇಬೇ ತೆರಿಗೆ ಇಲಾಖೆಗೆ ತಿಳಿಸುವ 1099-ಕೆ ಬಂದರೆ ಅದರಲ್ಲಿ ಕಾಣುವುದು ಶುಲ್ಕ ಕಳೆಯುವ ಮುಂಚಿನ ಮೊತ್ತ. 2025ರ ಕಾನೂನಿನಲ್ಲಿ ಫೆಡರಲ್ ಮಿತಿ ಮತ್ತೆ 20,000 ಡಾಲರ್ ಮತ್ತು 200 ಮಾರಾಟಕ್ಕೆ ಹೋಗಿದೆ, ನಿಮ್ಮ ನ್ಯೂಜೆರ್ಸಿಯ ಮಿತಿ ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ಕಾಗದ ಬರಲಿ ಬಿಡಲಿ ಲಾಭ ತೋರಿಸಲೇಬೇಕು. ಶುಲ್ಕ, ಜಾಹೀರಾತು, ಡಬ್ಬ, ಟೇಪು ಎಲ್ಲವೂ ಖರ್ಚಿನಲ್ಲಿ ಕಳೆಯಬಹುದು, ಬರೆದಿಟ್ಟಿರಿ.

ನಿಲ್ಲಿಸಬೇಕಾ ಅನ್ನುವುದಕ್ಕೆ ಉತ್ತರ ಇಬೇಯಲ್ಲಿಲ್ಲ, ಗರಾಜ್ ಸೇಲ್‌ನಲ್ಲಿದೆ. ಮಾರುವ ಬೆಲೆ ನಿಮ್ಮ ಕೈಯಲ್ಲಿಲ್ಲ, ಶುಲ್ಕವೂ ಇಲ್ಲ. ಕೊಳ್ಳುವ ಬೆಲೆ ಇದೆ. ಹಿಂದಿನಿಂದ ಲೆಕ್ಕ ಹಾಕಿ. 40 ಡಾಲರಿಗೆ ಹೋಗಬಹುದಾದ ಕ್ಯಾಮೆರಾ. ಶುಲ್ಕ 7.60, ಡಬ್ಬ-ಟೇಪು 1 ಡಾಲರ್, ನಿಮ್ಮಿಬ್ಬರ ಮೈನೋವಿಗೆ 15 ಡಾಲರಾದರೂ ಬೇಡವೇ? ಉಳಿದದ್ದು 16.40. ಜಾಹೀರಾತು ಹಾಕುವುದಾದರೆ 12. ಇದಕ್ಕಿಂತ ಜಾಸ್ತಿ ಕೇಳಿದರೆ ಕ್ಯಾಮೆರಾ ಎಷ್ಟೇ ಚೆನ್ನಾಗಿರಲಿ, ಅಲ್ಲೇ ಬಿಟ್ಟು ಬರಬೇಕು. ಹತ್ತಿಪ್ಪತ್ತು ಮಾದರಿಗೆ ಹೀಗೆ ಲೆಕ್ಕ ಹಾಕಿ ಒಂದು ಚೀಟಿ ಬರೆಯಿರಿ. ಶನಿವಾರ ಬೆಳಿಗ್ಗೆ ಕಾಫಿ ಲೋಟದ ಜೊತೆ ಆ ಚೀಟಿಯನ್ನೂ ಯಜಮಾನರ ಕೈಗೆ ಕೊಡಿ. ಮೊದಲ ಎರಡು ವಾರ ಮುಖ ಸಿಂಡರಿಸುತ್ತಾರೆ, ನೋಡಿ ಬೇಕಾದರೆ.